ಎಡಗಡೆಯಿಂದ ಬಂದ ವಿಮಾನಗಳು

ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜುವುದು ಅವಳ ಇಪ್ಪತ್ತು ವರ್ಷದ ಕಸುಬು. ಜೊತೆಯವರು ಅವಳನ್ನು ‘ಹದ್ದಿನಕಣ್ಣಮ್ಮ’ ಎಂದೇ ಕರೆಯುತ್ತಿದ್ದರು. ಅಂಥವಳಿಗೆ ನಲವತ್ತಮೂರನೇ ವಯಸ್ಸಿನಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಂಡು, ಎರಡೂ ಕಣ್ಣುಗಳಲ್ಲಿ ಎಡಬದಿಯ ನೋಟ ಹೊರಟುಹೋಯಿತು. ಕೈಕಾಲು ನೆಟ್ಟಗಿದ್ದವು, ನಾಲಿಗೆಯ ಚುರುಕಂತೂ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ತಟ್ಟೆಯ ಎಡಗಡೆಯ ಊಟ ಹಾಗೇ ಉಳಿಯುತ್ತಿತ್ತು, ಬಾಗಿಲ ಚೌಕಟ್ಟು ಭುಜಕ್ಕೆ ಬಡಿಯುತ್ತಿತ್ತು. ಅವಳು ಹೊಸ್ತಿಲು ದಾಟುವುದನ್ನೇ ಬಿಟ್ಟಳು.

ಜೊತೆಗಿದ್ದ ತಮ್ಮ ಟಿ.ವಿ. ರಿಪೇರಿಯವನು. ಒಂದು ಭಾನುವಾರ ಮಧ್ಯಾಹ್ನ, “ಏನಾದ್ರೂ ಬೇಕೇನಕ್ಕಾ?” ಎಂದು ಕೇಳಿದ.

“ನಮ್ಮ ವಿಮಾನದ ಆಟ ಬೇಕು ಕಣೋ.”

ಶಾಲೆ ಬಿಟ್ಟ ಮೇಲೆ ವಿಡಿಯೊ ಗೇಮ್ ಅಂಗಡಿಯಲ್ಲಿ ಇಬ್ಬರೂ ಹೊಟ್ಟೆಯ ಹಸಿವು ಮರೆತು ಆಡುತ್ತಿದ್ದ, ಗುಂಡು ಹಾರಿಸುವ ಆಟ ಅದು. ತಮ್ಮ ಹುಡುಕಿದ. ಆಟ ತಯಾರಿಸಿದ ಕಂಪನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಲ್ಲಿ ಕೆಲಕಾಲ ಮಾರಿ, ಹಕ್ಕಿನ ಕರಾರು ಮುಗಿದೊಡನೆ ತೆಗೆದುಹಾಕಿತ್ತು. ಅವನು ಕೈಚೆಲ್ಲಿ ಕೂರುವ ಪೈಕಿಯವನಲ್ಲ. ಹಳೆಯ ಗೇಮ್ ಕನ್ಸೋಲೊಂದನ್ನು ಬಿಚ್ಚಿ, ಚಿಪ್ ಒಂದನ್ನು ಬೆಸೆದು, ಅವರಿವರನ್ನು ಕಾಡಿಬೇಡಿ ಆಟದ ಪ್ರತಿ ಸಂಪಾದಿಸಿ ಅದರೊಳಗೆ ತುಂಬಿದ. ಮೂರು ವಾರ ಹಿಡಿಯಿತು.

ಪರದೆಯ ಎಡ ಅಂಚಿನಲ್ಲಿ ಅವಳ ಕೆಂಪು ವಿಮಾನ ಕಾಣಿಸಿಕೊಂಡಿತು. ಅವಳು ಅದರ ಮೇಲೆಯೇ ಕಣ್ಣು ನೆಟ್ಟಳು. ವೈರಿಗಳು ನುಗ್ಗುತ್ತಿದ್ದುದು ಬಲಗಡೆಯಿಂದ. ಅವಳಿಗೆ ನೋಟ ಉಳಿದಿದ್ದುದೂ ಅತ್ತಲೇ.

“ಅಯ್ಯೋ, ಎಲ್ಲಾ ಕಾಣ್ತಿದೆ ಕಣೋ!”

ಮೂರು ಹಂತ ಸರಾಗವಾಗಿ ದಾಟಿದಳು. ನಾಲ್ಕನೆಯದರಲ್ಲಿ ವೈರಿ ವಿಮಾನಗಳು ಹಿಂದಿನಿಂದ, ಎಂದರೆ ಎಡಗಡೆಯಿಂದ, ಬಂದವು. ಸತ್ತಳು. ಮತ್ತೆ ಸತ್ತಳು. ಕಂಟ್ರೋಲರನ್ನು ಮಂಚದ ಮೇಲೆ ಬಿಸಾಡಿದಳು. “ಸಾಕಪ್ಪ. ಅರ್ಧ ಲೋಕ ಕಾಣದೋಳಿಗೆ ಇದೆಲ್ಲ ಯಾಕೆ?”

“ನಿನ್ನೆ ಆಟ ಪರೀಕ್ಷೆ ಮಾಡೋವಾಗ ನಾನೇ ಐದು ಸಲ ಸತ್ತೆ, ನಂಗೆ ಎರಡೂ ಕಡೆ ಕಾಣುತ್ತೆ,” ಎಂದ ತಮ್ಮ. “ಕತ್ತು ತಿರುಗಿಸ್ಬಾರ್ದು ಅಂತ ಯಾರಾದ್ರೂ ಹೇಳಿದ್ರಾ?”

ತಿರುಗಿಸಿ ಎಂದೇ ಡಾಕ್ಟರು ಹೇಳಿದ್ದರು. ಗೋಡೆ ನೋಡುತ್ತಾ ಕತ್ತು ಆಡಿಸುವುದು ಅವಳಿಗೆ ಬೇಸರವಾಗಿ ಎರಡೇ ದಿನಕ್ಕೆ ಬಿಟ್ಟಿದ್ದಳು. ಈಗ ಎರಡು ಗುಂಡು, ಎಡಕ್ಕೊಂದು ನೋಟ. ಎರಡು ಗುಂಡು, ಎಡಕ್ಕೊಂದು ನೋಟ. ಒಂಬತ್ತನೇ ದಿನ ನಾಲ್ಕನೇ ಹಂತ ಮುಗಿದಾಗ ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯಾಕೆ ಗಾಬರಿಯಾಗಿ ಓಡಿಬಂದಳು.

ಹೋದ ನೋಟ ಮರಳಲಿಲ್ಲ. ಆದರೆ ಕತ್ತು ತಿರುಗಿಸುವುದು ಅಭ್ಯಾಸವಾಯಿತು: ತಟ್ಟೆಯ ಮುಂದೆ, ಮೆಟ್ಟಿಲ ಬಳಿ, ಕೊನೆಗೆ ರಸ್ತೆ ದಾಟುವಾಗಲೂ. ಎರಡು ತಿಂಗಳಾದ ಮೇಲೆ ಒಬ್ಬಳೇ ನಡೆದು ಕನ್ನಡಕದಂಗಡಿಗೆ ಹೋದಳು. ಮಾಲೀಕರು ಹಿಂದೆಮುಂದೆ ನೋಡಿದರು. “ಹೊತ್ತು ಹೆಚ್ಚು ಹಿಡಿಯುತ್ತೆ ಸಾರ್, ಕೆಲಸ ಕೆಡೋಲ್ಲ,” ಎಂದಳು. ಅದೇ ವಾರ ಅವಳ ಕುರ್ಚಿ ಅವಳಿಗೆ ಸಿಕ್ಕಿತು.

ಆಟದ ಐದನೇ ಹಂತದ ದೈತ್ಯ ವೈರಿ ಹಡಗು ಮಾತ್ರ ಇಬ್ಬರೂ ಸೇರಿ ಆಡಿದರೂ ಇನ್ನೂ ಬಗ್ಗಿಲ್ಲ. ತಪ್ಪು ಯಾರದೆಂದು ಭಾನುವಾರವಿಡೀ ಜಗಳ.