ತೆನೆಲ್ಲಾ ಎಂಬ ಸವತಿ

ಒಂದು ವಿಶೇಷಣದ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಕೃಷ್ಣಮೂರ್ತಿಪುರಂನಲ್ಲಿ ನಾನೊಬ್ಬಳೇ ಇರಬೇಕು. ಅದೂ ಲ್ಯಾಟಿನ್ ವಿಶೇಷಣ.

ನಮ್ಮವರು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಒಂದು ಭಾನುವಾರ, ಬೆಟ್ಟದ ತಪ್ಪಲಿನಿಂದ ಬೆರಳುದ್ದದ ಕಳೆಗಿಡವೊಂದನ್ನು ತಂದು ಕುಂಡದಲ್ಲಿ ನೆಟ್ಟರು. ಅದರ ಹೆಸರಿನ ಕೊನೆಯ ಅರ್ಧ 'ತೆನೆಲ್ಲಾ'. ಬೆಳಿಗ್ಗೆ ಎದ್ದರೆ ಮೊದಲು ಅದರ ಯೋಗಕ್ಷೇಮ. "ತೆನೆಲ್ಲಾ ಚಿಗುರಿದೆ ನೋಡು", "ತೆನೆಲ್ಲಾಗೆ ಬಿಸಿಲು ಜಾಸ್ತಿಯಾಯ್ತು". ನಾನು ವಾರವೆಲ್ಲ ನೆಗಡಿಯಿಂದ ಸೊರಗಿದರೂ ಕೇಳಿದವರಿಲ್ಲ.

"ಏನೂಂದ್ರೆ, ಹಾಗಂದ್ರೇನು?" ಎಂದೆ. ಪಾಠ ಶುರುವಾಯಿತು. 'ತೆನೆರ್' ಎಂದರೆ ಎಳೆಯದು. ಅದಕ್ಕೆ ಕಿರಿದೆಂಬ ಪ್ರತ್ಯಯ ಹತ್ತಿದಾಗ ರಕಾರ ಲಕಾರದಲ್ಲಿ ಕರಗಿ 'ತೆನೆಲ್ಲುಸ್' ಆಗುತ್ತದಂತೆ, ಎಳೆಎಳೆಯದು, ಮುದ್ದಾದದ್ದು. ನಮ್ಮ 'ಪುಟ್ಟ' ಹುಡುಗನಿಗೂ ಹುಡುಗಿಗೂ ಪಾತ್ರೆಗೂ ಒಂದೇ. ಅಲ್ಲಿ ಗಂಡಾದರೆ ತೆನೆಲ್ಲುಸ್, ಹೆಣ್ಣಾದರೆ ತೆನೆಲ್ಲಾ, ಎರಡೂ ಅಲ್ಲದಿದ್ದರೆ ತೆನೆಲ್ಲುಮ್. ಗಿಡದ ಮೊದಲ ಹೆಸರು ಸ್ತ್ರೀಲಿಂಗವಾದ್ದರಿಂದ ಇವಳು ತೆನೆಲ್ಲಾ. ಮುದ್ದು ಇನ್ನೂ ಸಾಲದಿದ್ದರೆ 'ತೆನೆಲ್ಲುಲಾ' ಎಂದು ಮತ್ತೊಂದು ಪ್ರತ್ಯಯ ಅಂಟಿಸಬಹುದಂತೆ. ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ನನಗೆ ಮೈಯೆಲ್ಲ ಉರಿಯಿತು.

ಉರಿಯದೆ ಏನು? ಮದುವೆಯಾದಾಗಿನಿಂದ ಅವರು ನನ್ನನ್ನು ಕರೆದದ್ದು 'ಇವಳೇ' ಎಂದು. ಕಳೆಗಿಡಕ್ಕೆ ನಾಮಪದ, ವಿಶೇಷಣ, ಮೇಲೆ ಮುದ್ದಿನ ಪ್ರತ್ಯಯ. ದಿನಾ ಹುಳಿ ಮಾಡಿ ಬಡಿಸುವವಳಿಗೆ ಬರೀ ಒಂದು ಸರ್ವನಾಮ. ಅಪ್ಪ ಅಮ್ಮ ಇಟ್ಟ ಹೆಸರು ನನಗೂ ಇತ್ತು. ಅದನ್ನು ಅವರ ಬಾಯಲ್ಲಿ ಒಮ್ಮೆಯಾದರೂ ಕೇಳಬೇಕೆಂದು ಹಟ ಹುಟ್ಟಿತು.

ಒಂದು ಸಂಜೆ ಅವರು ಕುಂಡಕ್ಕೆ ನೀರು ಹನಿಸುತ್ತಿದ್ದಾಗ ಕೇಳಿಯೇಬಿಟ್ಟೆ. "ತೆನೆಲ್ಲಾನ ಅಷ್ಟು ಚೆನ್ನಾಗಿ ಕರೀತೀರಲ್ಲ, ನನ್ನ ಹೆಸರು ನೆನಪಿದೆಯೇ?"

ಅವರು ಚೊಂಬು ಕೆಳಗಿಟ್ಟರು. ಬೀದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಆಚೀಚೆ ನೋಡಿದರು. ಕಿವಿ ಕೆಂಪಾಗಿತ್ತು. ಆಮೇಲೆ ಬಹಳ ಮೆಲ್ಲಗೆ, "ನಾಗವೇಣಿ" ಎಂದರು.

ನನ್ನ ಹೆಸರು ಅಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ.

"ಈಗ ನೀನು ನನ್ನ ಹೆಸರು ಹೇಳು, ನೋಡೋಣ."

ಗಂಡನ ಹೆಸರು ಹೇಳಬಾರದೆಂದು ಪಳಗಿದ ನಾಲಿಗೆ ನನ್ನದು. ಏನು ಮಾಡಿದರೂ ಹೊರಳಲಿಲ್ಲ. ಸರ್ವನಾಮದ ದೂರು ಹೊತ್ತು ಬಂದ ನಾನು ಆ ಮನುಷ್ಯರಿಗೆ ಅಷ್ಟು ವರ್ಷ ಒಂದು ಸರ್ವನಾಮವನ್ನೂ ಕೊಟ್ಟಿರಲಿಲ್ಲ, ಬರೀ 'ಏನೂಂದ್ರೆ'.

"ಹಾಲುಕ್ಕುತ್ತೆ ಕಣ್ರೀ" ಎಂದು ಒಳಗೋಡಿದೆ. ಒಲೆಯ ಮುಂದೆ ನಿಂತು, ಅವರ ಹೆಸರಿನ ನಾಲ್ಕಕ್ಷರವನ್ನು ಸದ್ದಿಲ್ಲದೆ ತುಟಿಯಲ್ಲೇ ಆಡಿ ನೋಡಿದೆ. ಒಲೆಯನ್ನು ಇನ್ನೂ ಹೊತ್ತಿಸಿರಲೇ ಇಲ್ಲ.