ಅತ್ತೆಯ ಮೂರು ನಿಮಿಷ

ನಮ್ಮ ಅತ್ತೆಯನ್ನು ಚದುರಂಗದಲ್ಲಿ ಸೋಲಿಸುವುದು ಸುಲಭವಿರಲಿಲ್ಲ. ಆದರೂ ಅವರು ದಿನಾ ಸೋಲುತ್ತಿದ್ದರು, ಅದೂ ಗೆಲ್ಲುವ ಆಟಗಳನ್ನೇ ಹುಡುಕಿ ಹುಡುಕಿ. ಪಕ್ಕದ ಸ್ಟೂಲಿನಲ್ಲಿ ಕೂತು ಕಾಜಾ ಹೊಲಿಯುತ್ತಾ ಆ ಸೋಲುಗಳನ್ನೆಲ್ಲ ಕಣ್ಣಾರೆ ಕಂಡವಳು ನಾನು, ಅವರ ಒಬ್ಬಳೇ ಸೊಸೆ.

ಅತ್ತೆಯದು ದರ್ಜಿ ಅಂಗಡಿ. ಕಿಟಕಿಯ ಬಳಿ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಕನ್ನಡಿ, ಬಟ್ಟೆ ಹಾಕಿ ನೋಡುವವರಿಗೆ ಒಂದು ಪರದೆ. ಗಿರಾಕಿ ಸ್ವಲ್ಪ ದಪ್ಪಗಿದ್ದರೆ ಅಳತೆ ಮುಗಿಯುವವರೆಗೆ ನಾನು ಬೀದಿಗಿಳಿಯಬೇಕು. ಮನೆಯಲ್ಲಿ ನನ್ನ ಅಡುಗೆಯಲ್ಲಿ ಅವರು ಮೂಗು ತೂರಿಸುವುದು ಕಡಿಮೆಯಾಗಲಿ ಅಂತ ಅವರ ಫೋನಿಗೆ ಚದುರಂಗ ಹಾಕಿಕೊಟ್ಟವಳೂ ನಾನೇ. ಮೂಗೇನೋ ಆಚೆ ಹೋಯಿತು, ಊಟಕ್ಕೆ ಕರೆದರೂ ವಾಪಸ್ ಬರಲಿಲ್ಲ.

ಅವರು ಆಡುತ್ತಿದ್ದದ್ದು ಮೂರು ನಿಮಿಷದ ಆಟ. ಇಡೀ ಆಟಕ್ಕೆ ಒಬ್ಬೊಬ್ಬರಿಗೂ ಮೂರೇ ನಿಮಿಷ. ಎಷ್ಟೇ ಚೆನ್ನಾಗಿ ಆಡಿ, ನಿಮ್ಮ ಸಮಯ ಮುಗಿದರೆ ಸೋತಿರಿ. ಅತ್ತೆಯ ಎಡವಟ್ಟು ಅಲ್ಲೇ. ಕತ್ತರಿಸಿದ ಬಟ್ಟೆಯನ್ನು ಮತ್ತೆ ಕೂಡಿಸಲಾಗದಲ್ಲ, ಹಾಗಾಗಿ ಅವರು ಸೀಮೆಸುಣ್ಣದ ಗೆರೆಯನ್ನು ಮತ್ತೆ ಮತ್ತೆ ಅಳೆದು ನೋಡಿಯೇ ಕತ್ತರಿ ಎತ್ತುವುದು. ಫೋನಿನಲ್ಲೂ ಅದೇ ಚಾಳಿ. ಕುದುರೆಯ ಮೇಲೆ ಬೆರಳಿಟ್ಟು, ಅರ್ಧ ದಾರಿ ಎಳೆದು, ಅಲ್ಲೇ ಹಿಡಿದು ನಿಲ್ಲಿಸಿ ಮನಸ್ಸಿನಲ್ಲಿ ಅಳೆಯುವರು. ಕುದುರೆ ಬೆರಳಿನಡಿ ನಡುಗುತ್ತಿರುತ್ತಿತ್ತು, ಮೇಲೆ ಸಮಯ ಸೋರುತ್ತಿರುತ್ತಿತ್ತು. ಎದುರಾಳಿಯ ಮಂತ್ರಿ ಸತ್ತು, ಅವನ ರಾಜ ಬೀದಿಪಾಲಾಗಿ ನಿಂತಿರುವಾಗ ಅತ್ತೆಯ ಸಮಯ ಮುಗಿದುಹೋಗುತ್ತಿತ್ತು.

ಆಮೇಲೆ ಕೋಪ. ಕೋಪದಲ್ಲಿ ಇನ್ನೊಂದು ಆಟ, ಅದರ ಕೋಪದಲ್ಲಿ ಮತ್ತೊಂದು. ಒಮ್ಮೆ ಇದೇ ಉರಿಯಲ್ಲಿ ಒಬ್ಬ ವಕೀಲರ ಕೋಟಿಗೆ ಎರಡೂ ಎಡಗೈ ತೋಳನ್ನೇ ಹೊಲಿದು ಇಟ್ಟಿದ್ದರು. ವಕೀಲರು ಕನ್ನಡಿಯ ಮುಂದೆ ನಿಂತು ತಮ್ಮ ಬಲಗೈಯನ್ನು ಅನುಮಾನದಿಂದ ನೋಡಿಕೊಂಡರು.

ಎದುರುಗಡೆಯ ಸಲೂನಿನವನಂತೂ ಅತ್ತೆಯನ್ನು ಫೋನಿನ ಆಟದಲ್ಲಿ ಸೋಲಿಸಿದಾಗಲೆಲ್ಲ ಬಾಗಿಲಿಗೆ ಬಂದು ಬಾಚಣಿಗೆ ಎತ್ತಿ ಕೂಗುವನು: "ಟೈಮಾಯ್ತು ಅಕ್ಕಾ!" ಒಳ್ಳೆಯವನೇ, ಆದರೆ ಆ ದನಿ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ಪೇಟೆಯ ವೃತ್ತಿಸಂಘಗಳ ನಡುವೆ ಫೋನಿನಲ್ಲೇ ಪಂದ್ಯ ನಡೆಯುತ್ತದೆ. ದರ್ಜಿಗಳ ತಂಡದಲ್ಲಿ ನಾಲ್ವರು. ಕೊನೆಯ ಜಾಗ ಅತ್ತೆಯದು. ಬೇಕರಿಯವರ ಎದುರು ಅವರು ಮತ್ತೆ ಸಮಯಕ್ಕೇ ಸೋತಾಗ ಸಂಘದ ಕಾರ್ಯದರ್ಶಿ ಅಂಗಡಿಗೇ ಬಂದರು.

"ನೋಡೀಮ್ಮಾ, ಮುಂದಿನ ಪಂದ್ಯ ಸಲೂನಿನವರ ಮೇಲೆ. ಅದ್ರಲ್ಲೂ ಟೈಮ್ ಹೋಗಿ ಸೋತ್ರೆ ನಿಮ್ಮ ಜಾಗಕ್ಕೆ ನಮ್ಮ ಬಾಮೈದನ್ನ ಹಾಕ್ತೀನಿ. ಬೇಜಾರ್ ಮಾಡ್ಕೋಬೇಡಿ."

ಅತ್ತೆ "ಆಯ್ತು" ಅಂದರು, ಅಷ್ಟೇ. ಕಾರ್ಯದರ್ಶಿ ಹೋದ ಮೇಲೆ ಯಂತ್ರದ ಮುಂದೆ ಕೂತು, ದಾರವೇ ಪೋಣಿಸದ ಸೂಜಿಯಲ್ಲಿ ಇಡೀ ಒಂದು ತೋಳು ಹೊಲಿದರು. ಆ ತಂಡ ಅಂದರೆ ಅವರಿಗೆ ಜೀವ ಅಂತ ಅವತ್ತೇ ಗೊತ್ತಾದದ್ದು.

ಮಧ್ಯಾಹ್ನ ಅವರು ಪ್ಯಾಂಟಿನ ಬಟ್ಟೆ ಕತ್ತರಿಸುವುದನ್ನು ನೋಡುತ್ತಾ ಕೂತಿದ್ದೆ. ಗುರುತು ಹಾಕುವಾಗ ಗಂಟೆಗಟ್ಟಲೆ ನಿಧಾನ. ಆದರೆ ಕತ್ತರಿ ಇಟ್ಟರೋ, ಒಂದೇ ಓಟ! ನಡುವೆ ನಿಲ್ಲಿಸಿದರೆ ಅಂಚು ಹಲ್ಲುಹಲ್ಲಾಗುತ್ತದೆ. ನಾನು ಕೂತಲ್ಲಿಂದ ಎದ್ದೇಬಿಟ್ಟೆ.

"ಅತ್ತೆ! ಆಟದಲ್ಲೂ ಗುರುತೆಲ್ಲ ಎದುರಾಳಿ ಟೈಮಲ್ಲಿ ಹಾಕಿ. ನಿಮ್ಮ ಟೈಮಲ್ಲಿ ಬರೀ ಕತ್ತರಿಸಿ!"

"ಕುದುರೆ ಯಾವ ಕಡೆ ಹಾರುತ್ತೆ ಅಂತ ಗೊತ್ತಿಲ್ಲ ನಿಂಗೆ. ನಂಗೆ ಪಾಠ ಹೇಳ್ತೀಯಾ?"

"ಕುದುರೆ ಗೊತ್ತಿಲ್ಲ ಅತ್ತೆ. ನೀವು ಗೊತ್ತು."

ಅವರು ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಫೋನು ತೆಗೆದರು.

ಅಲ್ಲಿಂದ ಶುರುವಾಯಿತು ನಮ್ಮ ತಾಲೀಮು. ಫೋನು ಮಡಿಲಿನಿಂದ ಮೇಜಿಗೆ ಬಂತು, ಜಾರದಂತೆ ಅಡಿಯಲ್ಲಿ ಉಣ್ಣೆಯ ತುಂಡು. ಎದುರಾಳಿ ಯೋಚಿಸುತ್ತಿರುವಾಗಲೇ ಅತ್ತೆಯ ಯೋಚನೆ. ನಿರ್ಧಾರವಾಗುವ ತನಕ ಬೆರಳು ಫೋನು ಮುಟ್ಟುವ ಹಾಗಿಲ್ಲ, ಮುಟ್ಟಿದರೆ ನಿಲ್ಲುವ ಹಾಗಿಲ್ಲ. ಆರಂಭದ ನಡೆಗಳು ಯಾವಾಗಲೂ ಅವೇ, ಕಣ್ಣುಮುಚ್ಚಿ ಆಡುವಷ್ಟು ರೂಢಿಯಾಗಬೇಕು. ಸತತ ಎರಡು ಸೋತರೆ ಫೋನು ಗುಂಡಿಗಳ ಡಬ್ಬಿಗೆ, ಡಬ್ಬಿ ನನ್ನ ಮಡಿಲಿಗೆ. ಮೊದಮೊದಲು ಡಬ್ಬಿಗಾಗಿ ಅತ್ತೆ ಸೊಸೆ ಎಳೆದಾಡಿದ್ದೂ ಉಂಟು. ಗಿರಾಕಿಗಳಿಗೆ ಒಳ್ಳೆ ಮಜಾ ಸಿಕ್ಕಿತು.

ಬೆಳಿಗ್ಗೆ ಚಹಾದ ಜೊತೆ ಹಿಂದಿನ ದಿನ ಸೋತ ಒಂದು ಆಟವನ್ನು ತಿರುಗಿ ನೋಡುತ್ತಿದ್ದೆವು, ಸಮಯ ಎಲ್ಲಿ ಹೋಯಿತು ಅಂತ. ನೋಡಿದರೆ ಏನು ಸಿಗಬೇಕು! ರಾಜನಿಗೆ ಓಡಲು ಒಂದೇ ಒಂದು ಮನೆ ಇರುವ ಕಡೆಯೂ ಅತ್ತೆ ಹತ್ತು ಸೆಕೆಂಡು ಅಳೆದಿದ್ದರು. "ಎಲ್ಲಿಗೆ ಹೋಗ್ಲಿ ಅಂತ ಯೋಚಿಸ್ತಿದ್ರಿ ಅತ್ತೆ, ನಮ್ಮನೆಗಾ?" ಅಂದೆ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಎದುರಾಳಿ ಆಡುವ ಮೊದಲೇ ನಮ್ಮ ಉತ್ತರದ ನಡೆಯನ್ನು ಇಟ್ಟುಬಿಡುವ ಸೌಲಭ್ಯವೂ ಫೋನಿನ ಆಟದಲ್ಲಿತ್ತು. ಮೊದಲ ಸಲ ಹಾಗೆ ಮಾಡಿ ಅತ್ತೆ ಮಂತ್ರಿಯನ್ನು ಶತ್ರುವಿನ ಬಾಯಿಗೇ ಇಟ್ಟರು. ಉತ್ತರ ಒಂದೇ ಇರುವಾಗ ಮಾತ್ರ ಅದನ್ನು ಬಳಸುವುದೆಂದು ತೀರ್ಮಾನವಾಯಿತು. ನಿಧಾನವಾಗಿ ಗೆಲುವು ಬರತೊಡಗಿತು. ಅತ್ತೆ ಯಂತ್ರ ತುಳಿಯುತ್ತಾ ಗುನುಗತೊಡಗಿದರು.

ಪಂದ್ಯದ ದಿನ ಸಂಜೆ ದರ್ಜಿಗಳೆಲ್ಲ ನಮ್ಮ ಅಂಗಡಿಯಲ್ಲಿ ಕಿಕ್ಕಿರಿದರು; ಒಬ್ಬರು ಪರದೆಯೊಳಗೆ ನಿಂತು ತಲೆ ಮಾತ್ರ ಹೊರಗಿಟ್ಟಿದ್ದರು. ಎದುರುಗಡೆ ಸಲೂನಿನಲ್ಲೂ ಅದೇ ಜಾತ್ರೆ. ನಾಲ್ಕು ಆಟಗಳೂ ಒಟ್ಟಿಗೆ ಶುರುವಾದವು. ಒಂದು ಗೆದ್ದೆವು, ಒಂದು ಸೋತೆವು, ಒಂದು ಡ್ರಾ. ಉಳಿದದ್ದು ಅತ್ತೆಯ ಆಟ, ಎದುರಾಳಿ ಅದೇ ಬಾಚಣಿಗೆಯವನು!

ನಾನು ಸ್ಟೂಲಿನ ತುದಿಗೆ ಬಂದು ಕೂತಿದ್ದೆ. ಅತ್ತೆಯ ಬೆರಳು ಮಾತ್ರ ಮೇಜಿನ ಮೇಲೆ ತಣ್ಣಗೆ ಕಾಯುತ್ತಿತ್ತು. ಅವನು ಆಡಿದ್ದೇ ತಡ, ಟಕ್! ಮತ್ತೆ ಕಾಯುವುದು, ಮತ್ತೆ ಟಕ್! ಮೊದಲ ಬಾರಿಗೆ ಅವರ ಸಮಯವೂ ಅವನ ಸಮಯವೂ ಸರಿಸಮ ಇಳಿಯುತ್ತಿದ್ದವು. ಕಾಯಿಗಳು ಒಂದೊಂದಾಗಿ ಬಿದ್ದು ಕೊನೆಗೆ ಅತ್ತೆಗೆ ಒಂದು ಆನೆ, ಒಂದು ಕಾಲಾಳು ಉಳಿದವು. ಅವನಿಗೆ ಒಂದು ಕುದುರೆ. ಅತ್ತೆಗೆ ಎಂಟು ಸೆಕೆಂಡು, ಅವನಿಗೆ ಏಳು.

ಆಗ ಫೋನಿನ ಮೇಲೆ ಬಂತು, ಅವನಿಂದ ಡ್ರಾ ಕೋರಿಕೆ.

"ಒಪ್ಕೊಳ್ಳಿ, ಒಪ್ಕೊಳ್ಳಿ!" ಕಾರ್ಯದರ್ಶಿ ಕಿರುಚಿದರು. ಒಪ್ಪಿದರೆ ಪಂದ್ಯ ಸಮ, ಅತ್ತೆಯ ಜಾಗ ಭದ್ರ. ಅತ್ತೆಗೆ ಅದು ಕಾಣದೇ ಇರಲಿಲ್ಲ. ಅದರ ಮೇಲೆ ಕಣ್ಣು ಹಾಯಿಸಿದ್ದನ್ನು ನಾನು ಕಂಡೆ. ಅವರು ಆನೆಯನ್ನು ನಡೆಸಿದರು. ಚೆಕ್! ಅವನ ರಾಜ ಸರಿದ. ಮತ್ತೆ ದೂರದಿಂದ ಚೆಕ್! ಅವನಿಗೆ ಮೂರು, ಇವರಿಗೆ ನಾಲ್ಕು. ನಾನು ಪಕ್ಕದವರ ತೋಳು ಹಿಂಡುತ್ತಿದ್ದೆ, ಅದು ಯಾರದೆಂದು ಇವತ್ತಿಗೂ ಗೊತ್ತಿಲ್ಲ. ಮತ್ತೊಂದು ಚೆಕ್! ಅವನ ರಾಜನಿಗೆ ಎರಡು ದಾರಿಗಳಿದ್ದವು, ಯಾವುದೆಂದು ಅವನು ಯೋಚಿಸಿದ.

ಸಲೂನಿನಿಂದ "ಅಯ್ಯೋ!" ಅಂತ ಒಟ್ಟಿಗೆ ಕೂಗು ಕೇಳಿತು. ಅವನ ಸಮಯ ಮುಗಿದಿತ್ತು.

ನಮ್ಮ ಅಂಗಡಿ ಹಾರಿಹೋಗುವಷ್ಟು ಗಲಾಟೆ! ಪರದೆಯೊಳಗಿದ್ದವರು ಪರದೆಯ ಸಮೇತ ಕೆಳಗೆ ಬಂದರು. ನಾನು ಅತ್ತೆಯನ್ನು ತಬ್ಬಿಕೊಂಡು ಕುಣಿದೆ.

ಕಾರ್ಯದರ್ಶಿ ಕತ್ತಿನ ಬೆವರು ಒರೆಸಿಕೊಳ್ಳುತ್ತಾ ಕೇಳಿದರು: "ಅಲ್ರೀ, ಡ್ರಾ ಒಪ್ಕೊಂಡಿದ್ರೆ ನಿಮ್ಮ ಜಾಗ ಗಟ್ಟಿಯಾಗ್ತಿತ್ತು. ನಿಮ್ದೇ ಟೈಮ್ ಹೋಗಿದ್ರೆ?"

ಅತ್ತೆ ಇನ್ನೂ ಏದುಸಿರು ಬಿಡುತ್ತಿದ್ದರು. "ನಂಗೆ ಗೆಲ್ಬೇಕಿತ್ತು," ಅಂದರು.

ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವವರು ಅವರು. ಊರಿಗೆಲ್ಲ ಬಟ್ಟೆ ಹೊಲಿದು, ಮಿಕ್ಕ ತುಂಡುಗಳಲ್ಲಿ ತಮ್ಮದನ್ನು ಹೊಲಿದುಕೊಳ್ಳುವವರು. ನಾನು ಸೊಸೆಯಾಗಿ ಬಂದಾಗಿನಿಂದ ಅವರು ತಮಗೆ ಏನೋ ಬೇಕು ಅಂತ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.