ಹಳಿ ಪಕ್ಕದ ನೆಲನೆಲ್ಲಿ

ಸೊಪ್ಪಿನಕ್ಕ ತಂದ ಗಂಟನ್ನು ಮೂಲಿಕೆ ಅಂಗಡಿಯವನು ಬಿಚ್ಚಿ ನೋಡುತ್ತಿರಲಿಲ್ಲ. ಹೆತ್ತ ತಾಯಿ ತಂದರೂ ಮೂಸಿ, ಕೊಡವಿ, ಮಣ್ಣಿನ ತೂಕ ಕಳೆಯುವ ಆಸಾಮಿ ಅವನು. ಹದಿನೆಂಟು ವರ್ಷದಲ್ಲಿ ಇವಳ ಗಂಟಿಗೆ ಮಾತ್ರ ಆ ಮರ್ಯಾದೆ. ಅವಳ ಆಸ್ತಿ ಎಂದರೆ ಅದೊಂದೇ. ಉಳಿದದ್ದು ಎರಡು ಮಂಡಿ, ಅವೂ ಸವೆದಿದ್ದವು.

ತರುತ್ತಿದ್ದುದು ನೆಲನೆಲ್ಲಿ. ಗೇಣುದ್ದದ ಗಿಡ, ಎಲೆಯಡಿ ಸಾಸಿವೆಯಂಥ ಕಾಯಿಗಳ ಸಾಲು. ಕಾಮಾಲೆಯವರು ಬೇರುಸಮೇತ ಅರೆದು ಬೆಳಗ್ಗೆ ಬರಿಹೊಟ್ಟೆಗೆ ಕುಡಿಯುತ್ತಿದ್ದರು. ವರ್ಷವಿಡೀ ಅದನ್ನು ತುಳಿದು ಓಡಾಡುವ ಜನ, ಕಣ್ಣು ಹಳದಿಯಾದ ದಿನ ಅದನ್ನೇ ಹುಡುಕಿಕೊಂಡು ಬರುತ್ತಿದ್ದರು. ಎಲ್ಲಿ ಬೆಳೆದದ್ದು ಎನ್ನುವುದರಲ್ಲೇ ಅವಳ ಕಸುಬಿತ್ತು. ಗುಡ್ಡದ್ದೇ ಆಗಬೇಕು, ಚರಂಡಿಯದು, ರೈಲು ಹಳಿಯದು ಮುಟ್ಟುವಂತಿಲ್ಲ. ಅತ್ತೆ ಕಲಿಸಿದ ಪಾಠ.

ಆ ಬೆಳಗ್ಗೆ ಮಂಡಿಗಳು ಗುಡ್ಡ ಹತ್ತುವುದಿಲ್ಲವೆಂದು ಹಟ ಹಿಡಿದವು. ಗೂಡ್ಸ್ ಶೆಡ್ಡಿನ ಹಿಂದೆ, ಹಳಿ ಪಕ್ಕದಲ್ಲಿ, ಗಿಡ ಹುಲುಸಾಗಿತ್ತು. ಇದೊಂದು ದಿನ ಎಂದುಕೊಂಡಳು. ಅರ್ಧ ಗಂಟೆಯಲ್ಲಿ ಗಂಟು ತುಂಬಿತು. ಅಂಗಡಿಯವನು ಎಂದಿನಂತೆ ಬಿಚ್ಚದೆ ಒಳಗಿಟ್ಟ.

ಮಧ್ಯಾಹ್ನ ಗಂಡನ ಅಣ್ಣ ಊಟಕ್ಕೆ ಬಂದ. ಹಳಿ ನೋಡಿಕೊಳ್ಳುವ ಕೂಲಿ ಅವನು. ಅಂಗಿಯಿಂದ ಗಬ್ಬು ನಾತ.

"ಏನ್ ಭಾವ, ಯಾವ ಸೆಂಟು ಹಾಕ್ಕೊಂಡ್ ಬಂದ್ರಿ?"

"ಕಳೆ ಔಷಧಿ ಕಣಮ್ಮ. ನಿನ್ನೆ ಗೂಡ್ಸ್ ಶೆಡ್ ಹಿಂದೆ ಹೊಡೆದ್ವಿ, ಇವತ್ತು ಸೇತುವೆ ಹತ್ರ."

ಬಡಿಸುತ್ತಿದ್ದ ಸೌಟು ನಿಂತಿತು. "ಅಲ್ಲೆಲ್ಲ ಹಸಿರಾಗೇ ಇತ್ತಲ್ಲ?"

"ಒಣಗೋಕೆ ವಾರ ಬೇಕು. ವಿಷ ಕುಡಿದ ತಕ್ಷಣ ಬೀಳೋಕೆ ಅದೇನು ಸಿನಿಮಾನಾ?"

ಹೇಳದಿದ್ದರೆ ಯಾರದೋ ಜೀವ, ಹೇಳಿದರೆ ಹದಿನೆಂಟು ವರ್ಷ. ಚಪ್ಪಲಿ ಮೆಟ್ಟಿ ಹೊರಟಳು.

ಅಂಗಡಿಯವನು ಪೂರ್ತಿ ಕೇಳಿದ. "ಒಂದು ಹಿಡಿ ಟೈಲರ್ ಹೆಂಡತಿ ತಗೊಂಡು ಹೋದ್ರು. ಅಲ್ಲಕ್ಕ, ಕಾಲು ನೋವು ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಬೇರೆಯವರನ್ನ ಹುಡುಕ್ತಿದ್ರಿ."

"ಹುಡುಕ್ತಿದ್ದೆ," ಎಂದ. ವ್ಯಾಪಾರಿಯಾದರೂ ಆ ಗಳಿಗೆಗೆ ಸುಳ್ಳು ಒದಗಲಿಲ್ಲ.

ಟೈಲರ್ ಮನೆ ಮೂರನೇ ಮಹಡಿ. ಮೆಟ್ಟಿಲಿಗೊಮ್ಮೆ ಗೋಡೆ ಹಿಡಿದು ಹತ್ತಿದಳು. ನಾಳೆ ಬೆಳಗ್ಗೆ ಕುಡಿಯಲೆಂದು ಸೊಪ್ಪು ನೀರಲ್ಲಿ ನೆನೆದಿತ್ತು.

"ಚೆನ್ನಾಗಿ ತೊಳೆದ್ರೆ ಹೋಗಲ್ವಾ ಅಕ್ಕ?" ಹಳದಿ ಕಣ್ಣಿನವಳು ಕೇಳಿದಳು.

"ಹೋಗಲ್ಲಮ್ಮ. ಚೆಲ್ಲು. ನಾಳೆ ಗುಡ್ಡದ್ದು ತರ್ತೀನಿ. ಅಷ್ಟರಲ್ಲಿ ಡಾಕ್ಟರಿಗೂ ತೋರಿಸು, ನನ್ನೊಬ್ಬಳನ್ನೇ ನಂಬಬೇಡ."

ಮರುದಿನ ಗುಡ್ಡಕ್ಕೆ ಹೋಗಿ ಬಂದಾಗ ಬಿಸಿಲು ನೆತ್ತಿಗೇರಿತ್ತು. ಅಂಗಡಿಯವನು ಅವಳ ಮುಖ ನೋಡದೆ ಗಂಟು ಬಿಚ್ಚಿದ, ಒಂದೊಂದೇ ಗಿಡ ಎತ್ತಿ ಮೂಸತೊಡಗಿದ. ಕಾಯುವವರಿಗೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಅವಳು ಕೂತಳು. ಆ ಅಂಗಡಿಯಲ್ಲಿ ಕೂತದ್ದು ಅದೇ ಮೊದಲು. ಅವಮಾನವಾಗಿತ್ತು, ನಿಜ. ಆದರೆ ಮಂಡಿಗಳ ನೋವು ಇಳಿಯತೊಡಗಿತು. ಇವನು ಇನ್ನೊಂದಷ್ಟು ಹೊತ್ತು ಮೂಸುತ್ತಿರಲಿ ಎನಿಸಿತು.